ಹದ ಮತ್ತು ಲೆಕ್ಕ: ಬದಲಾದ ಹವೆಯಲ್ಲಿ ಬೆಳೆಯ ನೀರು

(ರಟ್ಟೀಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಮಾತು ಶುರು ಮಾಡುವ ಮೊದಲು ಈ ಮೇಜಿನ ಮೇಲೆ ಎರಡು ಗೋವಿನಜೋಳದ ತೆನೆ ಇಡುತ್ತಿದ್ದೇನೆ. ಹಿಂದಿನ ಸಾಲಿನವರಿಗೂ ಕಾಣಲಿ ಎಂದು ಎತ್ತಿ ತೋರಿಸುತ್ತೇನೆ. ಒಂದರಲ್ಲಿ ತುದಿಯವರೆಗೆ ಕಾಳು ಕಟ್ಟಿದೆ. ಇನ್ನೊಂದರಲ್ಲಿ ಬುಡದಲ್ಲಿ ಮೂರು ನಾಲ್ಕು ಸುತ್ತು ಕಾಳಿದೆ, ನಡುವೆ ಅಲ್ಲಲ್ಲಿ ಹಲ್ಲುದುರಿದ ಬಾಯಿಯಂತೆ ಸಂದು, ಮೇಲೆ ಬರೀ ಬೆಂಡು. ಎರಡೂ 2023ರ ಮುಂಗಾರಿನವು. ಇವನ್ನು ನನಗೆ ಕೊಟ್ಟವರು ಇಲ್ಲಿಂದ ದೂರವಿಲ್ಲದ ಒಂದು ಹಳ್ಳಿಯ ಹಿರಿಯ ರೈತರು. ಕೊಡುವಾಗ ಅವರು ಹೇಳಿದ್ದಿಷ್ಟು: “ಬೀಜ ಒಂದ, ಬಿತ್ತಿದ ದಿನ ಒಂದ, ಮಳಿ ಒಂದ. ಫರಕ್ ಎಲ್ಲೈತಿ, ನೀವ ಹೇಳ್ರಿ ಸರ್.”

ಇಂದಿನ ಉಪನ್ಯಾಸ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ. ವಿಷಯ ‘ಹವಾಮಾನ ಬದಲಾವಣೆ ಮತ್ತು ಬೆಳೆಯ ನೀರಿನ ಅಗತ್ಯ’. ವಿಷಯ ದೊಡ್ಡದು, ಹಾಗಾಗಿ ಎಲ್ಲೆಯನ್ನು ಮೊದಲೇ ಹಾಕಿಕೊಳ್ಳುತ್ತೇನೆ. ಬೆಳೆ ನೀರನ್ನು ಹೇಗೆ ಖರ್ಚು ಮಾಡುತ್ತದೆ ಎಂಬುದು ಮೊದಲ ಭಾಗ. ಗಾಳಿ ಬಿಸಿಯಾದರೆ ಆ ಖರ್ಚು ಏನಾಗುತ್ತದೆ ಎಂಬುದು ಎರಡನೆಯದು. ಮಳೆಯ ನಡೆ ಬದಲಾದಾಗ ನಮ್ಮ ಎರೆ (ಕಪ್ಪು ಮಣ್ಣಿನ) ಮತ್ತು ಮಸಾರಿ (ಕೆಂಪು ಮಣ್ಣಿನ) ಹೊಲಗಳು ಹೇಗೆ ವರ್ತಿಸುತ್ತವೆ ಎಂಬುದು ಮೂರನೆಯದು. ನಾವು ಯಾವ ಬೆಳೆ ಆರಿಸಿಕೊಳ್ಳುತ್ತಿದ್ದೇವೆ, ಏನು ಮಾಡಬಹುದು ಎಂಬುದು ಕೊನೆಯದು. ಉದಾಹರಣೆಗಳನ್ನೆಲ್ಲ ಆದಷ್ಟು ಈ ಕುಮುದ್ವತಿ ಹೊಳೆಯ ಸೀಮೆಯಿಂದಲೇ ತೆಗೆದುಕೊಳ್ಳುತ್ತೇನೆ.

ನಾಲ್ಕೂ ಭಾಗಗಳನ್ನು ಹೊಲಿಯುವ ದಾರ ಒಂದಿದೆ. ಅದು ನಿಮ್ಮೆಲ್ಲರ ಬಾಯಲ್ಲಿರುವ ‘ಹದ’ ಎಂಬ ಮಾತು. ನಮ್ಮ ರೈತ ಹೊಲಕ್ಕೆ ಹೋಗಿ ಒಂದು ಹಿಡಿ ಮಣ್ಣು ಹಿಚುಕುತ್ತಾನೆ. ಉಂಡೆ ಕಟ್ಟಿ ಕೈಗೆ ಅಂಟಿದರೆ ಹದ ಇನ್ನೂ ಬಂದಿಲ್ಲ. ಉಂಡೆಯೇ ಕಟ್ಟದಿದ್ದರೆ ಹದ ಹೋಗಿದೆ. ಉಂಡೆಯಾಗಿ, ಕೆಳಗೆ ಬಿಟ್ಟೊಡನೆ ಒಡೆದು ಹುಡಿಯಾದರೆ ಕೂರಿಗೆ ಹೂಡಬಹುದು. ಈ ಮಾತಿನಲ್ಲಿ ನೀರು ಎಷ್ಟಿದೆ ಎಂಬುದರ ಜೊತೆಗೆ ಅದು ಯಾವಾಗ ಇದೆ, ಎಲ್ಲಿ ಇದೆ ಎಂಬುದೂ ಸೇರಿದೆ. ಹವಾಮಾನ ಬದಲಾವಣೆಯ ಬಗ್ಗೆ ನಾವು ಮಾತಾಡುವಾಗೆಲ್ಲ ಮಳೆ ಕಡಿಮೆಯಾಯಿತು, ನೀರು ಕಡಿಮೆಯಾಯಿತು ಎನ್ನುತ್ತೇವೆ. ನಾನು ಇಂದು ಹೇಳಲಿರುವುದು ಬೇರೆ. ನಮ್ಮ ಸೀಮೆಯಲ್ಲಿ ಮೊದಲು ಕೆಡುತ್ತಿರುವುದು ನೀರಿನ ಮೊತ್ತಕ್ಕಿಂತ ನೀರಿನ ಹದ. ವರ್ಷದ ಲೆಕ್ಕ ಸರಿ ಬಂದರೂ ದಿನದ ಲೆಕ್ಕ ತಪ್ಪುತ್ತಿದೆ.

ಇನ್ನು ಮೊದಲನೆಯ ಭಾಗಕ್ಕೆ ಬರುತ್ತೇನೆ.

ಬೆಳೆ ನೀರು ಕುಡಿಯುತ್ತದೆ ಎಂದು ನಾವು ಹೇಳುತ್ತೇವೆ. ನಿಜವಾಗಿ ಅದು ಕುಡಿದದ್ದರಲ್ಲಿ ಬಹುಪಾಲನ್ನು ಹೊರಗೆ ಬಿಟ್ಟುಬಿಡುತ್ತದೆ. ಬೇರು ಹೀರಿದ ನೀರಿನಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾತ್ರ ಗಿಡದ ಮೈಯಲ್ಲಿ ಉಳಿಯುತ್ತದೆ. ಉಳಿದದ್ದೆಲ್ಲ ಎಲೆಯ ಸಣ್ಣ ರಂಧ್ರಗಳಿಂದ, ಅಂದರೆ ಪತ್ರರಂಧ್ರಗಳಿಂದ, ಆವಿಯಾಗಿ ಹೋಗುತ್ತದೆ. ಇದು ಪೋಲಲ್ಲ. ಅದೇ ರಂಧ್ರದಿಂದ ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕು, ಇಲ್ಲದಿದ್ದರೆ ಎಲೆಗೆ ಅಡುಗೆಯಿಲ್ಲ. ಬಾಗಿಲು ತೆರೆದರೆ ಅನ್ನ ಬರುತ್ತದೆ, ನೀರು ಹೋಗುತ್ತದೆ. ಬಾಗಿಲು ಮುಚ್ಚಿದರೆ ನೀರು ಉಳಿಯುತ್ತದೆ, ಅನ್ನ ನಿಲ್ಲುತ್ತದೆ. ಬೆಳೆಯ ಬದುಕೆಲ್ಲ ಈ ಬಾಗಿಲ ಮುಂದಿನ ವ್ಯಾಪಾರ.

ಈ ವ್ಯಾಪಾರವನ್ನು ತೂಗಿ ನೋಡಿದ ಮೊದಲಿಗರಲ್ಲಿ ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಒಬ್ಬ. 1724ರ ಬೇಸಿಗೆಯಲ್ಲಿ ಅವನು ಒಂದು ಸೂರ್ಯಕಾಂತಿ ಗಿಡವನ್ನು ಕುಂಡದಲ್ಲಿಟ್ಟು, ಮಣ್ಣಿನ ಮೇಲ್ಭಾಗವನ್ನು ಮುಚ್ಚಿ, ಬೆಳಿಗ್ಗೆ ಸಂಜೆ ತಕ್ಕಡಿಗೆ ಹಾಕಿದ. ಹಗಲಿನ 12 ಗಂಟೆಯಲ್ಲಿ ಆ ಒಂದು ಗಿಡ ಸರಾಸರಿ ಅರ್ಧ ಲೀಟರಿಗಿಂತ ಹೆಚ್ಚು ನೀರನ್ನು ಗಾಳಿಗೆ ಬಿಡುತ್ತಿತ್ತು. 1727ರಲ್ಲಿ ಅವನ ಪುಸ್ತಕ ಹೊರಬಂತು. ಮುಂದೆ 1948ರಲ್ಲಿ ಹೊವರ್ಡ್ ಪೆನ್‌ಮನ್ ಎಂಬ ವಿಜ್ಞಾನಿ ಬಿಸಿಲು, ಉಷ್ಣತೆ, ಗಾಳಿಯ ವೇಗ, ಗಾಳಿಯ ತೇವ ಈ ನಾಲ್ಕರಿಂದ ಆವಿಯ ಪ್ರಮಾಣ ಕಂಡುಹಿಡಿಯುವ ಸೂತ್ರ ಕೊಟ್ಟ. ಅದನ್ನು ಮುಂದೆ ಮಾಂಟೀತ್ ಎಂಬ ಇನ್ನೊಬ್ಬ ವಿಜ್ಞಾನಿ ತಿದ್ದಿದ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಇದನ್ನೇ ಬೆಳೆಯ ನೀರಿನ ಅಳತೆಗೆ ಪ್ರಮಾಣ ಸೂತ್ರವೆಂದು ಒಪ್ಪಿತು.

ಸೂತ್ರವನ್ನು ಬದಿಗಿಟ್ಟು ಅದರ ಫಲವನ್ನು ನಮ್ಮ ಹೊಲಕ್ಕೆ ತರೋಣ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸುಮಾರು 4 ಸಾವಿರ ಲೀಟರ್. ಈ ಒಂದು ಅಂಕಿಯನ್ನು ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳಬೇಕು. ಎದೆಯೆತ್ತರ ಬೆಳೆದ ಗೋವಿನಜೋಳ, ಮೋಡ ಮುಸುಕಿದ ದಿನ 4 ಮಿಲಿಮೀಟರಿನಷ್ಟು ನೀರು ಬೇಡುತ್ತದೆ ಎನ್ನಿ. ಎಕರೆಗೆ 16 ಸಾವಿರ ಲೀಟರ್ ಆಯಿತು. ಬಿಸಿಲು ಸುರಿದು ಒಣಗಾಳಿ ಬೀಸುವ ದಿನ ಅದೇ ಬೆಳೆ 6 ಮಿಲಿಮೀಟರ್ ಬೇಡಬಹುದು. ಅಲ್ಲಿಗೆ 24 ಸಾವಿರ ಲೀಟರ್. ಎಕರೆಯಲ್ಲಿ 33 ಸಾವಿರ ಗಿಡ ಎಂದು ಹಿಡಿದರೆ ಗಿಡಕ್ಕೆ ಮುಕ್ಕಾಲು ಲೀಟರಿಗೆ ಹತ್ತಿರ. ಹೇಲ್ಸ್ ತೂಗಿದ ಸೂರ್ಯಕಾಂತಿಯ ಆಸುಪಾಸಿಗೇ ಬಂದೆವು.

ಇಡೀ ಹಂಗಾಮಿನ ಲೆಕ್ಕವೂ ಇದೆ. ಆಹಾರ ಮತ್ತು ಕೃಷಿ ಸಂಸ್ಥೆಯ ಕೈಪಿಡಿಗಳ ಪ್ರಕಾರ ಗೋವಿನಜೋಳಕ್ಕೆ 500ರಿಂದ 800 ಮಿ.ಮೀ., ಹತ್ತಿಗೆ 700ರಿಂದ 1300, ನಮ್ಮ ಹಳೆಯ ಜೋಳಕ್ಕೆ 450ರಿಂದ 650, ಕಬ್ಬಿಗೆ 1500ರಿಂದ 2500 ಮಿ.ಮೀ. ಬೇಕು. ಈ ಅಂಕಿಗಳ ನಡುವಿನ ಅಂತರ ನೋಡಿ. ಅದೇ ಬೆಳೆ ಒಂದು ಊರಿನಲ್ಲಿ ಕೇಳಿದ್ದಕ್ಕಿಂತ ಇನ್ನೊಂದು ಊರಿನಲ್ಲಿ ಒಂದೂವರೆ ಪಟ್ಟು ಕೇಳಬಹುದು. ಬೆಳೆಯ ಅಗತ್ಯವೆಂಬುದು ಬೀಜದ ಚೀಲದ ಮೇಲೆ ಬರೆದಿಟ್ಟ ಸಂಖ್ಯೆಯಲ್ಲ. ಅದನ್ನು ದಿನದಿನವೂ ಗಾಳಿ ಬಿಸಿಲುಗಳು ನಿರ್ಧರಿಸುತ್ತವೆ. ಆ ಗಾಳಿ ಬಿಸಿಲೇ ಬದಲಾದರೆ?

ಹೀಗೆ ನಾವು ಎರಡನೆಯ ಭಾಗಕ್ಕೆ ಬಂದೆವು.

ಗಾಳಿಯನ್ನು ಒಂದು ಹತ್ತಿ ಬಟ್ಟೆಯಂತೆ ಭಾವಿಸಿ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಆ ಬಟ್ಟೆ ಹೀರಬಲ್ಲ ಆವಿ ಸುಮಾರು 7 ಪ್ರತಿಶತ ಹೆಚ್ಚುತ್ತದೆ. ಇಷ್ಟೇ ಎನಿಸಬಹುದು. ಆದರೆ ಎಲೆಯಿಂದ ನೀರು ಎಳೆಯುವುದು ಬಟ್ಟೆಯ ಒಟ್ಟು ಅಳತೆಯಲ್ಲ, ಅದರಲ್ಲಿ ಇನ್ನೂ ಒಣಗಿರುವ ಭಾಗ. ಒಂದು ಲೆಕ್ಕ ಮಾಡೋಣ. 30 ಡಿಗ್ರಿಯ ಗಾಳಿಯಲ್ಲಿ ಅದು ಹೊರಬಲ್ಲ ಆವಿಯ ಅರ್ಧ ಭಾಗ ಇದೆ, ಅರ್ಧ ಖಾಲಿ. ಆವಿ ಅಷ್ಟೇ ಇರಲಿ, ಉಷ್ಣತೆ ಮಾತ್ರ 32ಕ್ಕೆ ಏರಲಿ. ಖಾಲಿ ಜಾಗ ಸುಮಾರು ಕಾಲು ಪಾಲು ಹೆಚ್ಚುತ್ತದೆ. ಎರಡು ಡಿಗ್ರಿಗೆ ಕಾಲು ಪಾಲು ಹೆಚ್ಚಿನ ದಾಹ. ಇದು ಗಾಳಿಯ ದಾಹ. ತೀರಿಸಬೇಕಾದವರು ಮಾತ್ರ ಬೆಳೆ ಮತ್ತು ಮಣ್ಣು.

ಹಾಗೆಂದು ಬೆಳೆಯ ಖರ್ಚೂ ಕಾಲು ಪಾಲು ಏರುತ್ತದೆಯೇ? ಇಲ್ಲ. ಇಲ್ಲಿ ಆತುರಪಡಬಾರದು. ಪೆನ್‌ಮನ್ ಹೇಳಿದ ನಾಲ್ಕರಲ್ಲಿ ಉಷ್ಣತೆ ಒಂದು ಮಾತ್ರ. ಬಿಸಿಲಿನ ಬಲ, ಗಾಳಿಯ ವೇಗ, ತೇವ ಉಳಿದ ಮೂರು. ಈ ವಿಷಯದಲ್ಲಿ ನಮ್ಮ ದೇಶದ್ದೇ ಒಂದು ಪಾಠವಿದೆ. ಹವಾಮಾನ ಕೇಂದ್ರಗಳ ಅಂಗಳದಲ್ಲಿ ನೀರು ತುಂಬಿಟ್ಟ ಅಗಲವಾದ ತಟ್ಟೆಗಳನ್ನು ನೀವು ನೋಡಿರಬಹುದು. ಎಷ್ಟು ನೀರು ಆರಿಹೋಯಿತು ಎಂದು ದಿನವೂ ಅಳೆಯುತ್ತಾರೆ. ಚಟ್ಟೋಪಾಧ್ಯಾಯ ಮತ್ತು ಹ್ಯೂಮ್ ಎಂಬ ವಿಜ್ಞಾನಿಗಳು ಈ ಅಳತೆಗಳನ್ನು ಕೂಡಿಸಿ 1997ರಲ್ಲಿ ಒಂದು ಅಚ್ಚರಿಯ ಸಂಗತಿ ಪ್ರಕಟಿಸಿದರು. ಹಿಂದಿನ ದಶಕಗಳಲ್ಲಿ ಉಷ್ಣತೆ ಏರಿದ್ದರೂ ತಟ್ಟೆಯಿಂದ ಆರುವ ನೀರು ಭಾರತದಲ್ಲಿ ಕಡಿಮೆಯಾಗಿತ್ತು. ಗಾಳಿಯಲ್ಲಿ ತೇವ ಹೆಚ್ಚಿದ್ದು ಇದಕ್ಕೆ ಮುಖ್ಯ ಕಾರಣವೆಂದು ಅವರು ಕಂಡರು. ಧೂಳು ಹೊಗೆಗಳಿಂದ ಬಿಸಿಲು ಮಂಕಾದದ್ದೂ ಒಂದು ಕಾರಣವೆಂಬುದನ್ನು ಬೇರೆ ಅಧ್ಯಯನಗಳು ತೋರಿಸಿದವು. ಬಿಸಿ ಏರಿತು, ಆದ್ದರಿಂದ ನೀರು ಹೆಚ್ಚು ಬೇಕು ಎಂಬ ಸರಳ ಗಣಿತ ಎಲ್ಲ ಕಾಲಕ್ಕೂ ನಡೆಯುವುದಿಲ್ಲ ಎಂಬುದು ಇದರ ಪಾಠ.

ಇನ್ನೂ ಎರಡು ಸಂಗತಿಗಳು ಲೆಕ್ಕವನ್ನು ಹಿಂದಕ್ಕೆ ಎಳೆಯುತ್ತವೆ. ಮೊದಲನೆಯದು ಇಂಗಾಲದ ಡೈಆಕ್ಸೈಡ್. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 280 ಪಾಲು ಇದ್ದ ಈ ಅನಿಲ ಈಗ 420ನ್ನು ದಾಟಿದೆ. ಅನ್ನ ಸುಲಭವಾಗಿ ಸಿಗುವುದರಿಂದ ಎಲೆ ಬಾಗಿಲನ್ನು ಸ್ವಲ್ಪ ಓರೆ ಮಾಡುತ್ತದೆ, ಕೊಂಚ ನೀರು ಉಳಿಯುತ್ತದೆ. ಭತ್ತ, ಹತ್ತಿ, ಶೇಂಗಾದಂಥ ಬೆಳೆಗಳಿಗೆ ಇದರಿಂದ ಇಳುವರಿಯಲ್ಲೂ ಲಾಭವಿದೆ. ಗೋವಿನಜೋಳ ಮತ್ತು ಜೋಳದ ಎಲೆಗಳು ಈ ಅನಿಲವನ್ನು ಮೊದಲೇ ಚೆನ್ನಾಗಿ ಹಿಡಿದಿಡುವ ಜಾತಿಯವು. ನೀರು ಸಾಕಷ್ಟಿದ್ದಾಗ ಅವಕ್ಕೆ ಹೆಚ್ಚಿನ ಲಾಭವಿಲ್ಲ. ನಮ್ಮ ಹಾವೇರಿ ಜಿಲ್ಲೆ ಗೋವಿನಜೋಳದ ಜಿಲ್ಲೆ ಎಂಬುದನ್ನು ಇಲ್ಲಿ ಮರೆಯಬಾರದು.

ಎರಡನೆಯದು ಬೆಳೆಯ ಆಯುಸ್ಸು. ಗಿಡ ಕ್ಯಾಲೆಂಡರ್ ನೋಡಿ ಬೆಳೆಯುವುದಿಲ್ಲ, ಶಾಖವನ್ನು ಕೂಡಿಸುತ್ತ ಬೆಳೆಯುತ್ತದೆ. ಗೋವಿನಜೋಳ 10 ಡಿಗ್ರಿಯ ಮೇಲಿನ ಶಾಖವನ್ನು ದಿನದಿನವೂ ಜಮಾ ಮಾಡಿಕೊಳ್ಳುತ್ತದೆ. ಸರಾಸರಿ 25 ಡಿಗ್ರಿ ಇದ್ದರೆ ದಿನಕ್ಕೆ 15ರಂತೆ, 110 ದಿನಕ್ಕೆ 1650. ಸರಾಸರಿ 27 ಆದರೆ ದಿನಕ್ಕೆ 17, ಅದೇ 1650ನ್ನು 97 ದಿನದಲ್ಲಿ ಮುಗಿಸಿಬಿಡುತ್ತದೆ. ಹೊಲದಲ್ಲಿ ಇದು ಇಷ್ಟು ನೇರವಾಗಿ ನಡೆಯದಿದ್ದರೂ ದಿಕ್ಕು ಇದೇ. 13 ದಿನ ಕಡಿಮೆ ನಿಂತ ಬೆಳೆ ಅಷ್ಟು ದಿನದ ನೀರು ಕುಡಿಯುವುದಿಲ್ಲ. ಹಂಗಾಮಿನ ಮೊತ್ತ ಹೆಚ್ಚದೆಯೂ ಇರಬಹುದು, ಇಳಿದರೂ ಇಳಿಯಬಹುದು. ಇದನ್ನು ಲಾಭವೆನ್ನಬೇಡಿ. ಕಾಳು ತುಂಬಲು ಸಿಗುವ ದಿನಗಳೂ ಅದರಲ್ಲಿ ಹೋದವು. ಬೇಗ ಮಾಗಿದ ತೆನೆ ಹಗುರ ತೆನೆ.

ಈ ಭಾಗದ ಸಾರವನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಬಿಸಿಯಾದ ಹವೆಯಲ್ಲಿ ಬೆಳೆ ಬದುಕುವ ದಿನ ಕಡಿಮೆ, ಒಣಹವೆಯ ದಿನಗಳಲ್ಲಿ ಅದು ಕೇಳುವ ನೀರು ಹೆಚ್ಚು. ಹಂಗಾಮಿನ ಮೊತ್ತ ನೋಡಿ ಸಮಾಧಾನ ಪಟ್ಟರೆ ಆ ಒಂದೊಂದು ದಿನದ ಕಷ್ಟ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಇಷ್ಟು ಹೊತ್ತು ಖರ್ಚಿನ ಮಾತಾಯಿತು. ಈಗ ಮೂರನೆಯ ಭಾಗ, ಜಮೆಯ ಮಾತು: ಮಳೆ ಮತ್ತು ಮಣ್ಣು.

ನಮ್ಮ ಹಾವೇರಿ ಜಿಲ್ಲೆ ಮಲೆನಾಡಿನ ಸೆರಗು ಬಯಲುಸೀಮೆಗೆ ತಾಗುವ ಜಾಗ. ಹಾನಗಲ್ಲಿನಲ್ಲಿ ಕೂರಿಗೆಯಿಂದ ಭತ್ತ ಬಿತ್ತುವಷ್ಟು ಮಳೆ, ಪೂರ್ವಕ್ಕೆ ಸವಣೂರು, ರಾಣೆಬೆನ್ನೂರಿನ ಕಡೆ ಸರಿದಂತೆ ಅದು ಇಳಿಯುತ್ತ ಹೋಗುತ್ತದೆ. ನಮ್ಮ ಹಿರಿಯರು ಈ ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯಲಿಲ್ಲ, ನಕ್ಷತ್ರದಲ್ಲಿ ಅಳೆದರು. ಮಿರಗ ಕೂಡಿದರೆ ಬಿತ್ತನೆ, ಆರಿದ್ರ ಪುನರ್ವಸುಗಳಿಗೆ ಎಡೆ ಹೊಡೆಯುವುದು, ಹಿಂಗಾರಿ ಜೋಳಕ್ಕೆ ಉತ್ತರಿ ಹಸ್ತಗಳ ಹಸಿ. 13, 14 ದಿನಕ್ಕೊಂದು ಮಳೆಯ ಹೆಸರು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಬೇಕಿಲ್ಲ. ಅದು ಬೆಳೆಯ ಹಂತಕ್ಕೂ ಮಳೆಗೂ ಹಾಕಿದ ಗಂಟು, ಒಂದು ಕರಾರು. ಜೂನ್ ನಡುವಿನಲ್ಲಿ ಬಿತ್ತಿದ ಗೋವಿನಜೋಳ 55 ದಿನದ ಹೊತ್ತಿಗೆ, ಆಶ್ಲೇಷ ಮಳೆಯ ನಡುವಿನಲ್ಲಿ, ಸೂಲಂಗಿ (ತುದಿಯ ಗಂಡು ಹೂಗೊಂಚಲು) ಒಡೆಯುತ್ತದೆ. ಆಗ ಮಳೆ ಇರುತ್ತದೆ ಎಂಬುದು ಆ ಕರಾರಿನ ಒಂದು ಸಾಲು.

ಕರಾರು ಹೇಗೆ ಸಡಿಲವಾಗುತ್ತಿದೆ ಎಂಬುದಕ್ಕೆ ಕೇಂದ್ರದ ಭೂ ವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ಅವಲೋಕನ ವರದಿಯಲ್ಲಿ ಪುರಾವೆ ಇದೆ. 1901ರಿಂದ 2018ರ ನಡುವೆ ದೇಶದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರ ನಡುವೆ ಮುಂಗಾರು ಮಳೆ ಸುಮಾರು 6 ಪ್ರತಿಶತ ಇಳಿದಿದೆ, ಗಂಗಾ ಬಯಲು ಮತ್ತು ಪಶ್ಚಿಮ ಘಟ್ಟದಲ್ಲಿ ಈ ಇಳಿಕೆ ಎದ್ದು ಕಾಣುತ್ತದೆ. ಮುಖ್ಯವಾದ ಅಂಕಿ ಇನ್ನೊಂದಿದೆ. 1951–1980ಕ್ಕೆ ಹೋಲಿಸಿದರೆ 1981–2011ರ ಅವಧಿಯಲ್ಲಿ ಮುಂಗಾರಿನ ನಡುವಿನ ಒಣ ಅವಧಿಗಳು 27 ಪ್ರತಿಶತ ಹೆಚ್ಚಾದವು, ಸುರಿಯುವಾಗಿನ ಬಿರುಸೂ ಹೆಚ್ಚಿತು. ಮೊತ್ತದ ಇಳಿಕೆ 6, ಬಿಡುವಿನ ಏರಿಕೆ 27. ಹದದ ಕಥೆ ಈ ಎರಡು ಸಂಖ್ಯೆಗಳ ಮಧ್ಯೆ ಇದೆ.

2023ನೆಯ ಇಸವಿಯನ್ನೇ ತೆಗೆದುಕೊಳ್ಳಿ. ಇಡೀ ದೇಶದ ಮುಂಗಾರು ವಾಡಿಕೆಯ 94 ಪ್ರತಿಶತ ಬಂತು. ಕಾಗದದ ಮೇಲೆ ಕೊರತೆ ಆರೇ ಪ್ರತಿಶತ. ತಿಂಗಳ ಲೆಕ್ಕ ಬಿಡಿಸಿ ನೋಡಿದರೆ ಬೇರೆಯೇ ಚಿತ್ರ: ಜುಲೈನಲ್ಲಿ 13 ಪ್ರತಿಶತ ಹೆಚ್ಚು, ಆಗಸ್ಟ್‌ನಲ್ಲಿ 36 ಪ್ರತಿಶತ ಕಡಿಮೆ. 1901ರಿಂದ ದಾಖಲೆ ಇರುವಷ್ಟು ಕಾಲದಲ್ಲಿ ಅಂಥ ಒಣ ಆಗಸ್ಟ್ ದೇಶ ಕಂಡಿರಲಿಲ್ಲ. ನಮ್ಮ ರಾಜ್ಯದ ಕೊರತೆ ದೇಶದ ಸರಾಸರಿಗಿಂತ ಹೆಚ್ಚಿತ್ತು, ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು.

ಆ ಆಗಸ್ಟಿನ ಒಂದು ಮಧ್ಯಾಹ್ನ ನಾನು ಈ ತೆನೆಗಳ ಹೊಲದಲ್ಲಿ ನಿಂತಿದ್ದೆ. ಹೊಲದ ಮೇಲ್ಭಾಗ ಮಸಾರಿ, ಇಳಿಜಾರಿನ ಕೆಳಗೆ ಹಳ್ಳದ ಕಡೆ ಎರೆ. ಮೇಲಿನ ಬೆಳೆಯ ಎಲೆಗಳು ಬೀಡಿಯಂತೆ ಸುತ್ತಿಕೊಂಡು ಆಕಾಶ ನೋಡುತ್ತಿದ್ದವು. ಕೆಳಗಿನವು ಬಾಡಿದ್ದರೂ ಇನ್ನೂ ಅಗಲವಾಗಿದ್ದವು. ಸೂಲಂಗಿ ಎಲ್ಲ ಕಡೆ ಒಡೆದಿತ್ತು. ಮಸಾರಿಯಲ್ಲಿ ತೆನೆಯ ಕೂದಲು ಇನ್ನೂ ಹೊರಬಂದಿರಲಿಲ್ಲ. ಹಿರಿಯರು ಕುರ್ಚಿಗಿಯಿಂದ ಒಂದು ಗಿಡದ ಬುಡ ಕೆದರಿದರು. ನಾಲ್ಕು ಬೆರಳು ಆಳದವರೆಗೆ ಹುಡಿ. ಬೇರಿನ ಬಹುಪಾಲು ಆ ಹುಡಿಯಲ್ಲೇ ಹರಡಿತ್ತು. ಗೇಣುದ್ದ ಕೆಳಗೆ ಹೋದಾಗ ಮಣ್ಣಿನ ಬಣ್ಣ ಗಾಢವಾಯಿತು. ಅದನ್ನು ಹಿಚುಕಿ ನನ್ನ ಕೈಗಿಟ್ಟರು. ತಣ್ಣಗಿತ್ತು. “ಹಸಿ ಕೆಳಗ ಇಳದೈತ್ರಿ ಸರ್, ಬೇರು ಮ್ಯಾಲ ಉಳದಾವ” ಎಂದರು.

ಒಂದು ಉಪನ್ಯಾಸಕ್ಕೆ ಆಗುವಷ್ಟು ವಿಜ್ಞಾನ ಆ ಒಂದು ಮಾತಿನಲ್ಲಿದೆ. ಜುಲೈಯಲ್ಲಿ ಮಣ್ಣಿನ ಮೇಲ್ಪದರ ಸದಾ ನೆಂದೇ ಇದ್ದುದರಿಂದ ಬೇರಿಗೆ ಕೆಳಗಿಳಿಯುವ ದರಕಾರು ಬರಲಿಲ್ಲ. ನೆಂದ ಮಣ್ಣಿನಲ್ಲಿ ಉಸಿರೂ ಕಟ್ಟುತ್ತದೆ. ಹೀಗೆ ಅತಿವೃಷ್ಟಿಯೇ ಬೆಳೆಯನ್ನು ಅನಾವೃಷ್ಟಿಗೆ ಒಗ್ಗದಂತೆ ಬೆಳೆಸಿತು. ಮಳೆ ನಿಂತ ಮೇಲೆ ಮೋಡವೂ ಸರಿಯಿತು. ಮೋಡ ಸರಿದರೆ ಬಿಸಿಲು, ಬಿಸಿಲಾದರೆ 4 ಮಿಲಿಮೀಟರ್ ಬೇಡುತ್ತಿದ್ದ ಬೆಳೆ 6 ಬೇಡುತ್ತದೆ. ಜಮೆ ನಿಂತ ದಿನದಿಂದಲೇ ಖರ್ಚು ಒಂದೂವರೆ ಪಟ್ಟು. ಒಣ ಅವಧಿ ಎರಡೂ ಕಡೆಯಿಂದ ಹೊಡೆಯುವುದು ಹೀಗೆ.

ಮಣ್ಣಿನ ಪಾತ್ರ ಇಲ್ಲಿ ಬರುತ್ತದೆ. ನಮ್ಮ ಊರುಗಳಲ್ಲಿ ಹಿಂದೆ ನೆಲದೊಳಗೆ ಹಗೇವು ತೆಗೆದು ಜೋಳ ತುಂಬಿಡುತ್ತಿದ್ದರು. ಬರ ಬಂದ ವರ್ಷ ಅದನ್ನು ತೆರೆಯುತ್ತಿದ್ದರು. ಮಣ್ಣು ನೀರಿನ ಹಗೇವು. ಎರೆ ಭೂಮಿಯ ಹಗೇವು ದೊಡ್ಡದು: ಒಂದು ಮೀಟರ್ ಆಳದಲ್ಲಿ ಗಿಡಕ್ಕೆ ಎಟುಕುವ ನೀರು ಸುಮಾರು 180 ಮಿ.ಮೀ. ಎಂದು ಹಿಡಿಯಬಹುದು. ಮಸಾರಿಯಲ್ಲಿ 100 ಸಿಕ್ಕರೆ ಹೆಚ್ಚು. ಬೇರು ಎರಡು ಅಡಿ ಇಳಿದಿದೆ, ಅಲ್ಲಿರುವ ನೀರಿನಲ್ಲಿ ಅರ್ಧವನ್ನು ಗಿಡ ಸಲೀಸಾಗಿ ಎಳೆದುಕೊಳ್ಳುತ್ತದೆ ಎನ್ನಿ. ಎರೆಯಲ್ಲಿ 54 ಮಿ.ಮೀ., ದಿನಕ್ಕೆ 6ರಂತೆ ಒಂಬತ್ತು ದಿನ. ಮಸಾರಿಯಲ್ಲಿ 30 ಮಿ.ಮೀ., ಐದು ದಿನ. ಬೇರು ಒಂದೇ ಅಡಿಗೆ ನಿಂತಿದ್ದರೆ ಮಸಾರಿಯಲ್ಲಿ ಎರಡೂವರೆ ದಿನ. ಆಮೇಲೆ ಎಲೆ ಸುತ್ತಿಕೊಳ್ಳಲೇಬೇಕು. ಸೂಲಂಗಿಯ ಪರಾಗ ಉದುರುವುದು ಒಂದು ವಾರದ ಆಸುಪಾಸು. ಬಾಯಾರಿದ ಗಿಡದಲ್ಲಿ ತೆನೆಯ ಕೂದಲು ತಡವಾಗಿ ಬರುತ್ತದೆ. ಒಂದೊಂದು ಎಳೆಗೂ ಒಂದೊಂದು ಕಾಳು. ಎಳೆ ಹೊರಬರುವಾಗ ಪರಾಗ ಮುಗಿದಿದ್ದರೆ ಆ ಕಾಳಿನ ಜಾಗ ಖಾಲಿ. ಮುಂದೆ ಸೆಪ್ಟೆಂಬರಿನಲ್ಲಿ ಎಷ್ಟೇ ಮಳೆ ಬರಲಿ, ಅದು ತುಂಬುವುದಿಲ್ಲ.

ಇದೇ ಮಾತು ತಲೆಕೆಳಗಾಗಿಯೂ ನಿಜ. 2019ರ ಆಗಸ್ಟ್‌ನಲ್ಲಿ ವರದಾ, ತುಂಗಭದ್ರೆಯರ ದಂಡೆಯ ಹೊಲಗಳು ನೀರಿನಲ್ಲಿ ನಿಂತವು. 2021ರ ನವೆಂಬರಿನ ಅಕಾಲಿಕ ಮಳೆ ರಾಜ್ಯದ ಹಲವೆಡೆ ಕೊಯ್ಲಿಗೆ ಬಂದ ಬೆಳೆಯನ್ನು ಕೆಡಿಸಿತು. ಗಿಡದಲ್ಲಿ ಕೆಂಪೇರಿದ ಬ್ಯಾಡಗಿ ಮೆಣಸಿನಕಾಯಿಗೆ, ಒಡೆದ ಹತ್ತಿಗೆ ಆ ಹೊತ್ತಿನ ನೀರು ವಿಷವಿದ್ದಂತೆ. ಇಡೀ ವರ್ಷದ ಮಳೆ ಲೆಕ್ಕದಲ್ಲಿ ಅದೂ ಜಮೆಯೆಂದೇ ಬರೆಯಲ್ಪಡುತ್ತದೆ.

ಕೊನೆಯ ಭಾಗಕ್ಕೆ ಹೊರಳುತ್ತೇನೆ. ಹವೆ ನಮ್ಮ ಕೈಯಲ್ಲಿಲ್ಲ. ಹೊಲ ಮತ್ತು ಬೆಳೆ ಅಷ್ಟಿಷ್ಟು ನಮ್ಮ ಕೈಯಲ್ಲಿವೆ.

ಒಂದು ತಲೆಮಾರಿನಲ್ಲಿ ನಾವು ಜೋಳ, ಹತ್ತಿ, ಶೇಂಗಾಗಳಿಂದ ಗೋವಿನಜೋಳಕ್ಕೆ ಬಂದೆವು. ಹಾನಗಲ್ಲಿನ ಭತ್ತದ ಹೊಲಗಳೂ ಅದಕ್ಕೇ ಬಂದವು. ಈಗ ಹಿರೇಕೆರೂರು, ರಟ್ಟೀಹಳ್ಳಿ, ಹಾನಗಲ್ಲುಗಳಲ್ಲಿ ಅಡಿಕೆ ಏರುತ್ತಿದೆ. ಧಾರಣೆ ಇದೆ, ಆಳಿನ ಖರ್ಚು ಕಡಿಮೆ. ರೈತರನ್ನು ದೂರಲು ನಾನು ಬಂದಿಲ್ಲ. ನೀರಿನ ಲೆಕ್ಕವನ್ನಷ್ಟೇ ಮುಂದಿಡುತ್ತೇನೆ. ಅಡಿಕೆ ಮರವೊಂದಕ್ಕೆ ಬೇಸಿಗೆಯಲ್ಲಿ ಹನಿ ನೀರಾವರಿಯಿಂದ ದಿನಕ್ಕೆ 16ರಿಂದ 20 ಲೀಟರ್ ಕೊಡಬೇಕೆಂಬುದು ಸಂಶೋಧಕರ ಶಿಫಾರಸು. ಎಕರೆಗೆ 550 ಮರ ಎಂದರೆ ದಿನಕ್ಕೆ 11 ಸಾವಿರ ಲೀಟರ್. ಗೋವಿನಜೋಳದ ಕೆಟ್ಟ ದಿನದ ಖರ್ಚಿನ ಅರ್ಧದಷ್ಟೂ ಇಲ್ಲವಲ್ಲ ಎನ್ನಬಹುದು. ವ್ಯತ್ಯಾಸ ಇಲ್ಲಿದೆ: ಗೋವಿನಜೋಳ ಕೇಳುವುದು ಮಳೆಗಾಲದಲ್ಲಿ, ಮಳೆಯನ್ನು. ಅಡಿಕೆ ಕೇಳುವುದು ಏಪ್ರಿಲ್‌ನಲ್ಲಿ, ಬೋರ್‌ವೆಲ್ಲನ್ನು. ಬರದ ವರ್ಷ ಗೋವಿನಜೋಳ ಬಿತ್ತದೆ ಬಿಡಬಹುದು. ಅಡಿಕೆಗೆ ಈ ವರ್ಷ ಬೇಡ ಎನ್ನಲಾಗುವುದಿಲ್ಲ. ಬಿಸಿಯೇರುವ ಕಾಲದಲ್ಲಿ ನಾವು ಬೆಳೆಯನ್ನು ಮಾತ್ರ ಬದಲಿಸಲಿಲ್ಲ, ನೀರಿನ ಸಾಲವನ್ನು ಕಾಯಂ ಮಾಡಿಕೊಂಡೆವು.

ಒಂದು ಕೃಷಿ ಹೊಂಡದ ಮುಂದೆ ನಿಂತು ಇದನ್ನು ನೋಡಿ. ಕೃಷಿ ಭಾಗ್ಯ ಯೋಜನೆಯಿಂದ ಹೊಂಡಗಳು ನಿಮಗೆಲ್ಲ ಪರಿಚಿತ. ಮೇಲೆ 12 ಮೀಟರ್ ಉದ್ದಗಲ, ತಳದಲ್ಲಿ 6 ಮೀಟರ್, 3 ಮೀಟರ್ ಆಳದ ಹೊಂಡದಲ್ಲಿ ಸುಮಾರು ಎರಡೂವರೆ ಲಕ್ಷ ಲೀಟರ್ ನಿಲ್ಲುತ್ತದೆ. ಅಡಿಕೆಗೆ ಬಿಟ್ಟರೆ ಒಂದು ಎಕರೆಗೆ ಮೂರು ವಾರ. ಸೂಲಂಗಿ ಒಡೆಯುವ ಗೋವಿನಜೋಳಕ್ಕೆ ತುಂತುರು ನೀರಾವರಿಯಿಂದ 30 ಮಿ.ಮೀ.ನಂತೆ ಕೊಟ್ಟರೆ ಎಕರೆಗೆ 1 ಲಕ್ಷ 20 ಸಾವಿರ ಲೀಟರ್, ಅಂದರೆ ಆರಿಹೋಗುವುದು ಇಂಗುವುದು ಬಿಟ್ಟು ಹೆಚ್ಚುಕಡಿಮೆ ಎರಡು ಎಕರೆಗೆ ಒಂದು ಸಲ. ಆ ಒಂದು ಸಲ ಐದು ದಿನ ಕೊಡುತ್ತದೆ. ಆ ಐದು ದಿನ ಕೂದಲಿಗೂ ಪರಾಗಕ್ಕೂ ಗಂಟು ಹಾಕುತ್ತದೆ. ಹೊಂಡವಿರುವುದು ಇಡೀ ಬೆಳೆಯನ್ನು ಸಾಕುವುದಕ್ಕಲ್ಲ, ತಪ್ಪಿದ ಹದವನ್ನು ಒಂದು ಬಾರಿ ಹಿಡಿದು ಕೊಡುವುದಕ್ಕೆ.

ಹೊಂಡವಿಲ್ಲದವರು ಹಗೇವನ್ನು ದೊಡ್ಡದು ಮಾಡಬೇಕು. ಇದರಲ್ಲಿ ಹೊಸದೇನಿಲ್ಲ. ಇಳಿಜಾರಿಗೆ ಅಡ್ಡವಾಗಿ ಬಿತ್ತನೆ, ಒಡ್ಡು, ಬೋದು ಸಾಲು, ಹಿಂಗಾರಿ ಹೊಲಕ್ಕೆ ಚೌಕು ಮಡಿ, ಹೊಟ್ಟು ರವದಿಯ ಹೊದಿಕೆ. ಎಡೆ ಹೊಡೆದಾಗ ಮೇಲಿನ ಒಂದೆರಡು ಬೆರಳು ಮಣ್ಣು ಹುಡಿಯಾಗಿ ಕೆಳಗಿನ ಹಸಿಗೆ ಮುಚ್ಚಳವಾಗುತ್ತದೆ, ಎರೆಯ ಬಿರುಕು ಮುಚ್ಚುತ್ತದೆ. ಕಳೆನಾಶಕ ಬಂದ ಮೇಲೆ ಎಡೆಕುಂಟೆ ಮೂಲೆ ಸೇರಿತು. ಕಳೆ ಹೋಯಿತು, ಮುಚ್ಚಳವೂ ಹೋಯಿತು. ಕೆರೆಯ ಹೂಳನ್ನು ಮಸಾರಿಗೆ ಹೇರುವುದೂ ಹಗೇವು ಹಿಗ್ಗಿಸುವ ಕೆಲಸವೇ. ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆ ಮೊದಲ ಹಂತದಲ್ಲಿ ಬಂದ ಐದು ಜಿಲ್ಲೆಗಳಲ್ಲಿ ನಮ್ಮದೂ ಒಂದಾಗಿತ್ತು. ಅಂದು ಕಟ್ಟಿದ ಒಡ್ಡುಗಳಲ್ಲಿ ಇಂದು ಎಷ್ಟು ಉಳಿದಿವೆ ಎಂದು ಪ್ರತಿ ಊರಿನವರೂ ಒಮ್ಮೆ ಹೊಲ ಸುತ್ತಿ ನೋಡಬೇಕು.

ಕುಮುದ್ವತಿಗೆ ಅಡ್ಡಲಾಗಿ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗ-ಮಾಸೂರು ಕೆರೆಯ ಏರಿಯ ಮೇಲೆ ನಿಂತಾಗಲೂ ನನಗೆ ಈ ಹಗೇವಿನ ಮಾತೇ ನೆನಪಾಗುತ್ತದೆ. ಕಟ್ಟಿದವರಿಗೆ ಮಳೆಯ ಮೇಲೆ ಪೂರ್ತಿ ನಂಬಿಕೆ ಇದ್ದಿದ್ದರೆ ಅಂಥ ಏರಿ ಏಕೆ ಬೇಕಿತ್ತು? ಗಾಜನೂರಿನಿಂದ ಬರುವ ತುಂಗಾ ಮೇಲ್ದಂಡೆ ಕಾಲುವೆ ನಮ್ಮ ಕಾಲದ ಏರಿ. ಅದರಲ್ಲಿ ನೀರು ಬಿಡುವ ದಿನವನ್ನು ಜಲಾಶಯದ ಮಟ್ಟದ ಜೊತೆಗೆ ಬೆಳೆಯ ಹಂತವನ್ನೂ ನೋಡಿ ಗೊತ್ತುಮಾಡುವಂತಾದರೆ ಅಷ್ಟೇ ನೀರು ಹೆಚ್ಚು ಕಾಳು ಕೊಡುತ್ತದೆ.

ಅಧ್ಯಕ್ಷರೆ, ಸಮಯ ಮೀರುತ್ತಿದೆ. ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ಎಷ್ಟು ಮಳೆಯಾಯಿತು ಎಂಬುದು ಅಲ್ಲಿ ಸಿಗುತ್ತದೆ. ಅದು ಎಷ್ಟು ಆಳ ಇಳಿಯಿತು ಎಂಬುದನ್ನು ಯಾವ ಯಂತ್ರವೂ ನಿಮ್ಮ ಹೊಲಕ್ಕೆ ಬಂದು ಬರೆಯುವುದಿಲ್ಲ. ಮುಂದಿನ ಮಿರಗದಿಂದ ವಾರಕ್ಕೊಮ್ಮೆ ನಿಮ್ಮ ಮನೆಯ ಹೊಲದಲ್ಲಿ ಒಂದು ಗೇಣು, ಎರಡು ಗೇಣು ಆಳದ ಮಣ್ಣು ತೆಗೆದು ಹಿಚುಕಿ ನೋಡಿ. ಉಂಡೆ ಕಟ್ಟಿತೇ, ಒಡೆಯಿತೇ, ಬೇರು ಎಲ್ಲಿದೆ, ಇಷ್ಟನ್ನು ದಿನಾಂಕ ಹಾಕಿ ಬರೆದಿಡಿ. ನಿಮ್ಮ ಅಜ್ಜನ ಹದ, ಪೆನ್‌ಮನ್ನನ ಲೆಕ್ಕ ಎರಡೂ ಒಂದೇ ಪುಟದಲ್ಲಿ ಇರಲಿ. ಮೇಟಿ ವಿದ್ಯೆಯನ್ನು ಎತ್ತಿ ಹೇಳಿದ ಸರ್ವಜ್ಞನ ಸೀಮೆ ಇದು. ಇಲ್ಲಿ ಅಂಥದೊಂದು ವಹಿ ಇಲ್ಲದಿರುವುದು ನಮಗೆ ಶೋಭೆಯಲ್ಲ.

ಈಗ ಈ ತೆನೆಗಳಿಗೆ ಮರಳುತ್ತೇನೆ. ಫರಕ್ ಎಲ್ಲಿದೆ ಎಂದು ಕೇಳಿದ್ದರು ಆ ಹಿರಿಯರು. ಬೀಜದಲ್ಲಿಲ್ಲ, ಬಿತ್ತಿದ ದಿನದಲ್ಲಿಲ್ಲ, ಮಳೆಯಲ್ಲೂ ಇಲ್ಲ. ಮಳೆ ನಿಂತ ಮೇಲೆ ಮಣ್ಣು ಕಾಯ್ದುಕೊಟ್ಟ ನಾಲ್ಕು ದಿನದಲ್ಲಿದೆ. ಉತ್ತರ ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು ಎಂದು ನನ್ನ ಅನಿಸಿಕೆ. ಕಳೆದ ಬೇಸಿಗೆಯಲ್ಲಿ ಹೋದಾಗ ಅವರ ಮಸಾರಿಯ ಮೇಲ್ಭಾಗದಲ್ಲಿ ಕೆರೆಯ ಹೂಳಿನ ಗುಪ್ಪೆಗಳು ಸಾಲಾಗಿ ಬಿದ್ದಿದ್ದವು.